ಆ ಅಪ್ಪ ಒಂದು ಮಾತಾದರೂ ಆಡಬಾರದಿತ್ತಾ?

ತಾಲ್ಲೂಕು ಮಟ್ಟದ ಕ್ರೀಡಾಕೂಟ ನೋಡಿ ಈಗಷ್ಟೇ ಬಂದೆ. ಹೊಟ್ಟೆ ಉರೀತಾ ಇದೆ, ಬರೆಯದೆ ಇರೋಕೆ ಆಗ್ತಿಲ್ಲ.

ಹುಡುಗಿಯರ 100 ಮೀಟರ್ ಓಟ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ವಿಸಿಲ್ ಊದುವ ಮೊದಲೇ ಓಡಿಬಿಟ್ಟಳು. ಎರಡನೇ ಸಲವೂ ಹಾಗೇ ಆಯಿತು. ಫೌಲ್ ಅಂತ ಹೊರಗೆ ಕಳಿಸಿದರು. ಸರಿ, ನಿಯಮ ಎಲ್ಲರಿಗೂ ಒಂದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೈಕ್ ಹಿಡಿದವರು ಸುಮ್ಮನಿರಲಿಲ್ಲ. ‘ಕಿವಿ ಕೇಳಿಸಲ್ವೇನಮ್ಮ? ಓಟ ನಿನ್ನ ಕೈಲಾಗಲ್ಲ, ಮನೆಗೆ ಹೋಗಿ ಪಾತ್ರೆ ತಿಕ್ಕು’ ಅಂದರು. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಆ ಮಗು ತಲೆ ತಗ್ಗಿಸಿಕೊಂಡು ಎದೆ ಮೇಲಿನ ನಂಬರ್ ಚೀಟಿಯ ಪಿನ್ನು ಬಿಚ್ಚೋಕೆ ನೋಡಿತು. ಕೈ ನಡುಗಿ ಪಿನ್ನು ಬರಲೇ ಇಲ್ಲ. ಕೊನೆಗೆ ಚೀಟಿಯನ್ನೇ ಹರಿದು ಕಿತ್ತಿತು.

ಅವಳಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ‘ಏನ್ರೀ ಇದು, ಹೋಗಿ ಕೇಳಿ’ ಅಂದೆ. ‘ಬಿಡಿ ಸಾರ್, ನಾಲ್ಕು ಜನರ ಮುಂದೆ ಬೈಸಿಕೊಂಡ್ರೇನೇ ಬುದ್ಧಿ ಬರೋದು. ಮಕ್ಕಳು ಗಟ್ಟಿಯಾಗಬೇಕು’ ಅಂದರು. ಮಗಳ ಕಡೆ ತಿರುಗಿಯೂ ನೋಡಲಿಲ್ಲ.

ಮೈಕಿನವರಿಗಿಂತ ಜಾಸ್ತಿ ಸಿಟ್ಟು ಬಂದಿದ್ದು ನನಗೆ ಈ ಮಾತಿಗೆ.

ಬುದ್ಧಿ ಕಲಿಯೋಕೆ ಆ ಹುಡುಗಿ ಮಾಡಿದ ತಪ್ಪಾದರೂ ಏನು? 2011ರ ಡೇಗು ವಿಶ್ವ ಚಾಂಪಿಯನ್‌ಷಿಪ್, 100 ಮೀಟರ್ ಫೈನಲ್. ಸದ್ದು ಕೇಳುವ ಮೊದಲೇ ಉಸೇನ್ ಬೋಲ್ಟ್ ಹಾರಿದ. ಒಂದೇ ಫೌಲಿಗೆ ಹೊರಗೆ ಅನ್ನೋ ನಿಯಮ 2010ರಲ್ಲಿ ಬಂದಿತ್ತು, ಅವನೂ ಹೊರನಡೆದ. ಅದೇ ಕೂಟದಲ್ಲಿ ಮುಂದೆ 200 ಮೀಟರ್ ಚಿನ್ನ ಗೆದ್ದ, 37.04 ಸೆಕೆಂಡಿನ ವಿಶ್ವದಾಖಲೆ ಮಾಡಿದ ರಿಲೇ ತಂಡದಲ್ಲೂ ಓಡಿದ. ಓಡುವ ಆಸೆ ಮೈತುಂಬ ಇದ್ದವರಿಗೇ ಹೀಗಾಗೋದು!

ಬೈದೇ ಅಲ್ವಾ ಹಳೇ ಮೇಷ್ಟ್ರುಗಳು ತಿದ್ದಿದ್ದು ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ. ತಿದ್ದೋರು ಹತ್ತಿರ ಕರೆದು ಹೇಳ್ತಾರೆ ಕಣ್ರೀ, ಮೈಕಲ್ಲಿ ಹೇಳಲ್ಲ. ‘ಬೆರಳು ಗೆರೆ ಹಿಂದೆ ಇಡು, ಪಕ್ಕದವಳನ್ನ ನೋಡಬೇಡ, ಸದ್ದಿಗೆ ಕಾಯಿ’ ಅಂದಿದ್ದರೆ ಸಾಕಿತ್ತು. ಪಾತ್ರೆ ತಿಕ್ಕು ಅಂದರೆ ಯಾವ ಹುಡುಗಿ ಓಡೋದು ಕಲೀತಾಳೆ?

2022ರ ಬೀಜಿಂಗ್ ಒಲಿಂಪಿಕ್ಸ್ ನೆನಪಿದೆಯಾ? ಸ್ಕೇಟಿಂಗ್‌ನ ಕಮಿಲಾ ವಲಿಯೇವಾಗೆ ಆಗ 15 ವರ್ಷ. ಡೋಪಿಂಗ್ ಪ್ರಕರಣ ಬೇರೆ ತಲೆ ಮೇಲಿತ್ತು. ಮತ್ತೆ ಮತ್ತೆ ಬಿದ್ದು ನಾಲ್ಕನೇ ಸ್ಥಾನಕ್ಕಿಳಿದು ಹೊರಬಂದ ಮಗುವನ್ನು ಕೋಚ್ ಕೇಳಿದ್ದು, ಯಾಕೆ ಹೋರಾಡೋದು ಬಿಟ್ಟೆ ಅಂತ. ಅದೂ ಕ್ಯಾಮೆರಾ ಮುಂದೆ. ನೋಡಿದ ನನಗೇ ಎದೆ ಹಿಂಡಿದ ಹಾಗಾಗಿತ್ತು. ಗಟ್ಟಿ ಮಾಡೋದು ಅಂದರೆ ಇದೇನಾ?

ನನ್ನ ತಂಗಿಯೂ ಹೀಗೇ ಜನ ಆಡಿಕೊಂಡಿದ್ದಕ್ಕೆ ಕಬಡ್ಡಿ ಬಿಟ್ಟಳು. ಅಂಕಣದಲ್ಲಿ ಅವಳನ್ನು ಆಡಿಕೊಂಡವರ ಹೆಸರೂ ಅವಳಿಗೆ ಈಗ ನೆನಪಿಲ್ಲ. ನಮ್ಮಪ್ಪ ‘ಇದೆಲ್ಲ ಇದ್ದದ್ದೇ’ ಅಂದು ಪೇಪರ್ ಓದುತ್ತಾ ಕೂತಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಅವರ ಮೇಲೆ ನನಗೆ ಪ್ರೀತಿ ಎಷ್ಟಿದೆಯೋ, ಆ ಒಂದು ಮಾತಿನ ಮೇಲೆ ಸಿಟ್ಟೂ ಅಷ್ಟೇ ಇದೆ.

ನಾಳೆ ಆ ಹುಡುಗಿಗೆ ಲಾಂಗ್ ಜಂಪ್ ಇದೆಯಂತೆ. ಅವಳಪ್ಪ ಬರಲಿ ಬಿಡಲಿ, ನಾನು ಹೋಗ್ತೀನಿ. ಮೈಕಿನವರ ಬಗ್ಗೆ ಬಿಇಒ ಅವರಿಗೆ ಅರ್ಜಿ ಬರೆದಿಟ್ಟಿದ್ದೀನಿ. ಇವತ್ತು ಮೈದಾನದಲ್ಲಿದ್ದವರು ಸಹಿ ಹಾಕೋದಾದರೆ ಬೆಳಗ್ಗೆ ಒಂಬತ್ತರೊಳಗೆ ಫೋನ್ ಮಾಡಿ.