ಸಕ್ಕರೆ ದುಡ್ಡಿನ ಮನೆ

ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಗ್ರೇಟ್ ಜಾರ್ಜ್ ಸ್ಟ್ರೀಟಿನಲ್ಲಿರುವ 7ನೇ ನಂಬರ್ ಮನೆ, ಅಂದರೆ ‘ಜಾರ್ಜಿಯನ್ ಹೌಸ್’ ಮುಂದೆ ನಿಂತಾಗ ನನಗೆ ಮೊದಲು ಅನಿಸಿದ್ದು, ಇಷ್ಟೇನಾ ಅಂತ. ಜಾರ್ಜಿಯನ್ ಮನೆ ಅಂದರೆ ಜಾರ್ಜಿಯಾ ದೇಶದ್ದಲ್ಲ ಮತ್ತೆ! 1714ರಿಂದ 1830ರವರೆಗೆ ಇಂಗ್ಲೆಂಡನ್ನು ಸಾಲಾಗಿ ನಾಲ್ಕು ಜನ ಜಾರ್ಜ್‌ಗಳು ಆಳಿದರಲ್ಲ, ಆ ಕಾಲದ ಶೈಲಿ. ಅಲಂಕಾರ ಕಡಿಮೆ, ಅಳತೆ ಜಾಸ್ತಿ. ಕಲ್ಲಿನ ಸಪಾಟು ಗೋಡೆ, ನೂಲು ಹಿಡಿದು ಕೂರಿಸಿದಂಥ ಕಿಟಕಿಗಳು, ಅವನ್ನು ಮೇಲಕ್ಕೆ ಜಾರಿಸಿ ತೆಗೆಯಬೇಕು.

ಕಟ್ಟಿಸಿದವನು ಜಾನ್ ಪಿನ್ನಿ, 1790ರ ಸುಮಾರಿಗೆ. ನಕ್ಷೆ ವಿಲಿಯಂ ಪ್ಯಾಟಿಯದು. ದುಡ್ಡು ಮಾತ್ರ ಕೆರಿಬಿಯನ್‌ನ ನೆವಿಸ್ ದ್ವೀಪದ್ದು. ಅಲ್ಲಿ ಪಿನ್ನಿಯ ಕಬ್ಬಿನ ತೋಟ ಇತ್ತು, ಅದರಲ್ಲಿ ದುಡಿದವರು ಗುಲಾಮರು.

ಈ ಮನೆಯಲ್ಲಿ ನನ್ನನ್ನು ತುಂಬಾ ಹೊತ್ತು ನಿಲ್ಲಿಸಿದ್ದು ಮೇಲಿನ ಚೆಂದದ ಕೋಣೆಗಳಲ್ಲ, ನೆಲಮಾಳಿಗೆ. ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ಯಜಮಾನರು ಮೇಲಿಂದ ಹಗ್ಗ ಎಳೆದರೆ ಬಾರಿಸುವ ಗಂಟೆಗಳು. ಜೊತೆಗೆ ಒಂದು ಕಲ್ಲಿನ ತೊಟ್ಟಿ, ಮೆಟ್ಟಿಲಿಳಿದು ತಣ್ಣೀರಿನಲ್ಲಿ ಮುಳುಗೋದಕ್ಕೆ! ಆ ಚಳಿ ದೇಶದಲ್ಲಿ ತಣ್ಣೀರು ಸ್ನಾನ ಆರೋಗ್ಯಕ್ಕೆ ಒಳ್ಳೇದು ಅಂತ ಆಗಿನ ಶ್ರೀಮಂತರ ನಂಬಿಕೆ. ಮಾಡಲಿ ಬಿಡಿ. ಸ್ನಾನ ಮುಗಿಸಿ ಬಂದವನಿಗೆ ಬಟ್ಟೆ ಹಿಡಿದು ನಿಲ್ಲೋಕೆ ಒಬ್ಬರು ಬೇಕಲ್ವಾ?

ಪಿನ್ನಿಯ ಆಳು ಪೆರೋ ಜೋನ್ಸ್. 1765ರಲ್ಲಿ ಇಬ್ಬರು ತಂಗಿಯರ ಜೊತೆ ಪಿನ್ನಿ ಅವನನ್ನು ಕೊಂಡಾಗ ಪೆರೋಗೆ ಹನ್ನೆರಡು ವರ್ಷ. 1783ರಲ್ಲಿ ಯಜಮಾನನ ಜೊತೆ ಬ್ರಿಸ್ಟಲ್‌ಗೆ ಬಂದ. 1798ರಲ್ಲಿ ತೀರಿಕೊಂಡ, ಬಿಡುಗಡೆ ಸಿಗಲೇ ಇಲ್ಲ.

ಈಗ ಮನೆ ಮ್ಯೂಸಿಯಂ. ಇಂಗ್ಲಿಷ್ ಕವಿಗಳಾದ ವರ್ಡ್ಸ್‌ವರ್ತ್, ಕೋಲ್‌ರಿಜ್ ಮೊದಲು ಭೇಟಿಯಾಗಿದ್ದು ಇಲ್ಲೇ ಅಂತಾನೂ ಹೇಳುತ್ತಾರೆ, ಇರಬಹುದು. ಪೆರೋ ಮತ್ತು ಸಕ್ಕರೆ ವ್ಯಾಪಾರದ ಬಗ್ಗೆ ಒಂದು ಪುಟ್ಟ ಪ್ರದರ್ಶನ ಇಟ್ಟಿದ್ದಾರೆ, ಒಳ್ಳೇದೇ. ಆದರೆ ಅದಕ್ಕೆ ಬೇರೆ ಜಾಗ ಯಾಕೆ ಅನ್ನೋದು ನನ್ನ ತಕರಾರು. ಊಟದ ಮೇಜಿನ ಮೇಲೇ ಇಡಲಿ, ಸಕ್ಕರೆ ಬಟ್ಟಲಿನ ಪಕ್ಕ. ಮನೆ ಎಷ್ಟು ಸೊಗಸಾಗಿದೆ ಅಂತ ಫೋಟೋ ತೆಗೆಯುವಾಗ ಪೆರೋ ಹೆಸರೂ ಅದರಲ್ಲಿ ಬೀಳಲಿ.

ಹಾಂ, ಊರಿನವರು 1999ರಲ್ಲಿ ಬಂದರಿನ ಕಾಲುಸೇತುವೆಗೆ ಪೆರೋ ಹೆಸರಿಟ್ಟಿದ್ದಾರೆ. ಎರಡು ದೊಡ್ಡ ಕೊಂಬಿನಂಥವು ಮೇಲೆದ್ದಿರುತ್ತವಲ್ಲ, ಅದೇ. ಮನೆಯಿಂದ ಇಳಿಜಾರಿನಲ್ಲಿ ನಡೆದರೆ ಸ್ವಲ್ಪ ಹೊತ್ತಿಗೆ ಸಿಗುತ್ತದೆ.