ಲಯನ್ಸ್ ಮೇನ್ ಅಣಬೆಯ ಮಾರಾಟಕ್ಕೆ ನಿಷೇಧವಿದೆಯೇ? ಒಂದು ಸ್ಪಷ್ಟನೆ

‘ಲಯನ್ಸ್ ಮೇನ್ ಅಣಬೆ ಅಳಿವಿನ ಅಂಚಿನಲ್ಲಿದೆ, ಬ್ರಿಟನ್ನಿನಲ್ಲಿ ಅದನ್ನು ಕೊಂಡರೂ ಅಪರಾಧ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವೇ ಗೊಂದಲಕ್ಕೆ ಕಾರಣ.

ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ 8ನೇ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಸಸ್ಯ ಮತ್ತು ಅಣಬೆಗಳ ಪಟ್ಟಿಯಲ್ಲಿ, ಈ ಅಣಬೆಯ ಹೆಸರಿರುವುದು ನಿಜ. ಆದರೆ ಆ ರಕ್ಷಣೆ ಕಾಡಿನಲ್ಲಿ ತಾನಾಗಿ ಬೆಳೆದ ಅಣಬೆಗೆ ಮಾತ್ರ: ಅದನ್ನು ಉದ್ದೇಶಪೂರ್ವಕವಾಗಿ ಕೀಳುವುದು, ನಾಶಪಡಿಸುವುದು, ಮಾರುವುದು ಅಪರಾಧ. ಮರದ ಹೊಟ್ಟಿನ ಮೇಲೆ ಕೃಷಿ ಮಾಡಿ ಬೆಳೆದದ್ದಕ್ಕೆ ಈ ನಿರ್ಬಂಧವಿಲ್ಲ. ಅಂಗಡಿಗಳಿಗೆ ಬರುವುದು ಬಹುಪಾಲು ಇಂಥ ಬೆಳೆಯೇ. ಚೀನಾ, ಜಪಾನ್‌ಗಳಲ್ಲಂತೂ ಇದು ಅಡುಗೆಮನೆಯ ಪರಿಚಿತ ಪದಾರ್ಥ.

ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಂಥ ಹಳೆಯ ಕಾಡುಗಳಲ್ಲಿ, ಮುದಿ ಬೀಚ್ ಮರದ ಗಾಯದಿಂದ ಬಿಳಿಯ ಎಳೆಗಳ ಗೊಂಚಲೊಂದು ಇಳಿಬಿದ್ದಿರುವುದು ಶರತ್ಕಾಲದಲ್ಲಿ ಅಪರೂಪಕ್ಕೆ ಕಾಣಸಿಗುತ್ತದೆ. ಬಲಿತಂತೆ ಅದು ಹಳದಿಗೆ ತಿರುಗುತ್ತದೆ. ನಮಗೆ ಕಾಣುವುದು ಇಷ್ಟೇ. ನಿಜವಾದ ಜೀವಿ ಕಾಂಡದ ತಿರುಳಿನೊಳಗೆ ವರ್ಷಗಟ್ಟಲೆ ಹಬ್ಬಿರುವ ನೂಲಿನಂಥ ಜಾಲ. ಆದ್ದರಿಂದ ಟೊಳ್ಳಾದ ಮರವನ್ನು ಅಪಾಯವೆಂದು ಕಡಿದುಹಾಕಿದರೆ, ಅಣಬೆಯನ್ನು ಯಾರೂ ಮುಟ್ಟದಿದ್ದರೂ ಅದರ ನೆಲೆಯೇ ಹೋಗುತ್ತದೆ. ಸಂದೇಶ ಬರೆದವರು ಕೊಳ್ಳುವವರನ್ನು ಹೆದರಿಸುವ ಬದಲು ಇದನ್ನು ಹೇಳಬೇಕಿತ್ತು.

ಇದಕ್ಕೆ ಪ್ರತಿಯಾಗಿ ‘ಈ ಅಣಬೆಯ ಪುಡಿಯ ಡಬ್ಬಿ ಎಲ್ಲೆಡೆ ಸಿಗುತ್ತದೆ, ಹಾಗಾಗಿ ಅದು ಅಳಿಯುವ ಅಪಾಯವಿಲ್ಲ’ ಎನ್ನುವವರ ವಾದವೂ ಸರಿಯಲ್ಲ. ಶೆಡ್ಡಿನಲ್ಲಿ ಎಷ್ಟು ಬೆಳೆದರೂ ಕಾಡಿನ ಮುದಿಮರಗಳ ಸಂಖ್ಯೆ ಅದರಿಂದ ಹೆಚ್ಚುವುದಿಲ್ಲ.