ಮುರಕಲ್ಲಿನ ದಾರಿಗೆ ಅಗಲದ ಟೈರು ಸಾಲದು
ಜಲ್ಲಿ, ಮಣ್ಣಿನ ದಾರಿಗೆಂದು ಮಾಡಿದ ಅಗಲದ ಟೈರಿನ ಗ್ರಾವೆಲ್ ಸೈಕಲ್ಲಿದ್ದರೆ ಉಡುಪಿ ಜಿಲ್ಲೆಯ ಹೆಬ್ರಿ–ಸೋಮೇಶ್ವರ ಭಾಗದ ಕಾಡುದಾರಿಗಳಲ್ಲಿ ವರ್ಷವಿಡೀ ಸಾಗಬಹುದೆಂದು, ಅಲ್ಲಿನ ಸೈಕಲ್ ದಾರಿಗಳನ್ನು ಪಟ್ಟಿ ಮಾಡಿರುವ ಲೇಖನದಲ್ಲಿ ಲೇಖಕರು ಹೇಳಿರುವ ಮಾತನ್ನು ಒಪ್ಪಲಾರೆ. ಬೇಸಿಗೆಯ ಮಟ್ಟಿಗೆ ಅದು ಸರಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ಪಾಚಿ ಕಟ್ಟುವುದರಿಂದ, 40 ಮಿ.ಮೀ. ಟೈರಿನ ಗಾಳಿಯನ್ನು ಎಷ್ಟು ಇಳಿಸಿದರೂ ಹಿಡಿತ ಸಿಗದು, ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಬಿಗಿಯಾಗಿ ಒತ್ತಿದವರು ಜಾರಿ ಬೀಳುವುದು ಬಹುತೇಕ ಖಚಿತ. ಅದಕ್ಕಿಂತ ಮುಖ್ಯವಾಗಿ, ಲೇಖನ ಸೂಚಿಸಿರುವ ಕೆಲವು ಒಳದಾರಿಗಳು ಸೋಮೇಶ್ವರ ವನ್ಯಜೀವಿಧಾಮದೊಳಗೆ ಹಾದುಹೋಗುತ್ತವೆ, ಸಾರ್ವಜನಿಕ ಹೆದ್ದಾರಿಯನ್ನು ಬಿಟ್ಟು ಅಲ್ಲಿಗೆ ಇಳಿಯುವ ಪ್ರವಾಸಿಗರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕೆಂಬ ಸಂಗತಿಯನ್ನು ಲೇಖಕರು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ಕಾರ್ಕಳದ ಕಡೆ ಅಡಿಕೆ ತೋಟಗಳ ನಡುವೆ ಸಾಗುವ ಪಂಚಾಯತ್ ಮಣ್ಣುರಸ್ತೆಗಳಿಗೆ ಈ ತೊಡಕಿಲ್ಲ. ಅವು ಪಟ್ಟಿಯಲ್ಲಿ ಏಕಿಲ್ಲವೋ ತಿಳಿಯದು.